ಬಿಳಿ ಬಟ್ಟೆಯ ಮೇಜು

"ಕೈ ತೋರಿಸು," ಎಂದಳು ಲಾಂಡ್ರಿಯ ಯಜಮಾನಿ.

ಇಸ್ತ್ರಿ ಮಾಡುತ್ತಿದ್ದವಳು ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಎರಡೂ ಅಂಗೈ ಚಾಚಿದಳು. ಆಗಷ್ಟೇ ಸೋಡಾ ಹಾಕಿ ಉಜ್ಜಿಕೊಂಡು ಬಂದಿದ್ದಳು. ಆದರೂ ಗೆರೆಗಳಲ್ಲಿ ಕಪ್ಪು ಹಾಗೇ ಕೂತಿತ್ತು, ಯಾರೋ ಅವಳ ಹಣೆಬರಹವನ್ನು ಅಂಗೈ ಮೇಲೆ ತಿದ್ದಿ ತಿದ್ದಿ ಬರೆದ ಹಾಗೆ. ಗೆಣ್ಣುಗಳೂ ಕಪ್ಪು. ಈಚೆಗೆ ಇಸ್ತ್ರಿ ತಗುಲಿದ್ದ ಮಣಿಕಟ್ಟಿನ ಕಲೆಯಂತೂ ಇದ್ದಿಲಿನ ಬಣ್ಣ.

"ಸೋಪಿಗೆ ಬರ ಬಂದಿದೆಯಾ ನಿಮ್ಮನೇಲಿ? ಆಸ್ಪತ್ರೆ, ಹೋಟೆಲಿನ ಹಾಸು ಇವು. ನಾಳೆಯಿಂದ ಬಣ್ಣದ ಬಟ್ಟೆ ಕಡೆ ಹೋಗು."

ಬಿಳಿ ಬಟ್ಟೆಯ ಮೇಜು ಕಿಟಕಿಯ ಪಕ್ಕದಲ್ಲಿತ್ತು. ಕೈ ಪಳಗಿದವರನ್ನಷ್ಟೇ ಅಲ್ಲಿಗೆ ಬಿಡುತ್ತಿದ್ದರು. ಆ ಲಾಂಡ್ರಿಯಲ್ಲಿ ಅದಕ್ಕಿಂತ ದೊಡ್ಡ ಕುರ್ಚಿ ಇರಲಿಲ್ಲ, ಕೂರಲು ಅಲ್ಲೊಂದು ಕುರ್ಚಿ ಇಲ್ಲದಿದ್ದರೂ.

"ಇದು ಕೊಳೆ ಅಲ್ಲ," ಎಂದಳು ಅವಳು.

"ಮತ್ತೇನು, ಅಲಂಕಾರವಾ?"

ಅವಳಿಗೂ ಗೊತ್ತಿರಲಿಲ್ಲ. ಪಕ್ಕದಲ್ಲಿ ಹಾಸು ಮಡಿಸುತ್ತಿದ್ದವಳನ್ನು ಎಲ್ಲರೂ ಬಾಯಕ್ಕ ಎನ್ನುತ್ತಿದ್ದರು; ಬಾಯಿಗೆ ಬಿಡುವು ಕೊಟ್ಟವಳಲ್ಲ. "ಬೆಳಿಗ್ಗೆಯಿಂದ ಮೇಜಿಗೆ ಒರಗ್ಕೊಂಡೇ ಇದಾಳೆ. ಮೇಜು ಎಲ್ಲಿ ಬಿದ್ದೋಗುತ್ತೋ ಅಂತ ಹಿಡ್ಕೊಂಡಿದಾಳೇನೋ ಪಾಪ!" ಎಂದಳು. ಎಲ್ಲರೂ ನಕ್ಕರು. ಮೇಜು ಬಿಟ್ಟರೆ ಅವಳಿಗೆ ಕಣ್ಣು ಕತ್ತಲಿಡುತ್ತಿತ್ತು; ಒಂದು ಕೈಯಲ್ಲಿ ಅಂಚು ಹಿಡಿದೇ ಇಸ್ತ್ರಿಪೆಟ್ಟಿಗೆ ಎತ್ತಿಕೊಂಡಳು.

ಮನೆಯಲ್ಲಿ ಅಮ್ಮ ಉಪ್ಪಿನ ಡಬ್ಬಿ ಬಚ್ಚಿಟ್ಟಿದ್ದಳು. ಮಗಳು ಬರೀ ಉಪ್ಪನ್ನು ಸಕ್ಕರೆಯಂತೆ ನೆಕ್ಕುವುದನ್ನು ಕಂಡು ಅವಳಿಗೆ ದಿಗಿಲಾಗಿತ್ತು. ಮಗಳ ಎದೆಯ ಕ್ಷಯ ವಾಸಿಯಾಗಿದೆ ಎಂದು ಆಸ್ಪತ್ರೆಯವರು ಹೇಳಿ ಎರಡು ವರ್ಷವಾಗಿತ್ತು. ಈಗ ಮತ್ತೆ ಮೈ ಇಳಿದು ರವಿಕೆ ಜೋಲುತ್ತಿತ್ತು.

"ಅದೇ ತಿರುಗಿ ಬಂತೋ ಏನೋ. ಯಾರ ಹತ್ರನೂ ಬಾಯಿ ಬಿಡಬೇಡ ಕಣೇ."

"ಈ ಸಲ ಬಾಯಿ ಬಿಡ್ತೀನಮ್ಮ. ಡಬ್ಬಿ ಎಲ್ಲಿ?"

ಆಸ್ಪತ್ರೆಯಲ್ಲಿ ಡಾಕ್ಟರು ಎದೆಯ ಚಿತ್ರವನ್ನು ಬೆಳಕಿಗೆ ಹಿಡಿದರು. "ಎದೆ ಚೆನ್ನಾಗಿದೆಯಮ್ಮ. ಕಫದಲ್ಲೂ ಏನಿಲ್ಲ. ನಿಶ್ಶಕ್ತಿ ಅಷ್ಟೆ, ಟಾನಿಕ್ ಬರ್ಕೊಡ್ತೀನಿ."

ಅಮ್ಮ ನಿಟ್ಟುಸಿರು ಬಿಟ್ಟು ಎದ್ದಳು. ಮಗಳು ಏಳಲಿಲ್ಲ. ನಾಲ್ಕು ಜನರೆದುರು ಎಂದೂ ದನಿ ಎತ್ತದವಳ ಕಿವಿ ಬಿಸಿಯಾಯಿತು.

"ಎದೆ ನೋಡಿದ್ರಿ. ಕೈ ನೋಡಿ. ಕೊಳಕಿ ಅಂತಾರೆ, ಸೋಮಾರಿ ಅಂತಾರೆ. ನಾನು ಎರಡೂ ಅಲ್ಲ. ಏನು ಅಂತ ಗೊತ್ತಾಗೋ ತನಕ ನಾನು ಏಳಲ್ಲ."

ಹೊರಗೆ ಸಾಲಿನಲ್ಲಿದ್ದವರು ಇಣುಕಿದರು. ಡಾಕ್ಟರು ಪೆನ್ನು ಕೆಳಗಿಟ್ಟು ಅವಳ ಅಂಗೈಯನ್ನು ಕಿಟಕಿಯತ್ತ ತಿರುಗಿಸಿದರು. ಬಾಯಿ ತೆಗೆಸಿ ವಸಡು ನೋಡಿದರು, ಅಲ್ಲೂ ಕಪ್ಪು. ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ರಕ್ತದೊತ್ತಡ ಅಳೆದರು.

"ಉಪ್ಪು ತಿನ್ಬೇಕು ಅನ್ಸುತ್ತಾ?"

"ಅಯ್ಯೋ, ಡಬ್ಬಿಗಟ್ಟಲೆ!" ಎಂದಳು ಅಮ್ಮ.

ರಕ್ತ ಪರೀಕ್ಷೆ, ಹೊಟ್ಟೆಯ ಸ್ಕ್ಯಾನ್ ಆದ ಮೇಲೆ ಡಾಕ್ಟರು ಬಿಡಿಸಿ ಹೇಳಿದರು. ಎರಡೂ ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂಥ ಪುಟ್ಟ ಗ್ರಂಥಿಗಳಿರುತ್ತವೆ. ಎದೆಯಲ್ಲಿದ್ದ ಕ್ಷಯ ರಕ್ತದ ಜೊತೆ ಅಲ್ಲಿಗೂ ಹೋಗಿ ಕೂತಿತ್ತು. ಔಷಧಿಗೆ ಅದು ಸತ್ತಿದೆ, ಆದರೆ ಸಾಯುವ ಮುಂಚೆ ಗ್ರಂಥಿಗಳನ್ನೂ ತಿಂದುಹಾಕಿದೆ. ದೇಹದಲ್ಲಿ ಉಪ್ಪು ಹಿಡಿದಿಡುವ, ನಿಂತ ಕಾಲಿಗೆ ಬಲ ಕೊಡುವ ರಸ ಅಲ್ಲಿಂದ ಬರಬೇಕು. ಅದು ಬತ್ತಿದ್ದರಿಂದಲೇ ಮೈ ಕಪ್ಪಾಗಿದೆ. ಇನ್ನು ಆ ರಸವನ್ನು ಮಾತ್ರೆಯಾಗಿ ನುಂಗಬೇಕು, ಬದುಕಿರುವ ತನಕ. ಜ್ವರ ಬಂದರೆ ಹೆಚ್ಚು ನುಂಗಬೇಕು. ಯಾವ ಕಾರಣಕ್ಕೂ ಬಿಡಬಾರದು.

"ಯಾರಿಗಾದ್ರೂ ಅಂಟುತ್ತಾ?"

"ಇಲ್ಲ."

"ಉಪ್ಪು?"

"ಧಾರಾಳವಾಗಿ ತಿನ್ನು."

"ಇದೊಂದು ಮಾತು ನಮ್ಮಮ್ಮನ ಕಡೆ ತಿರುಗಿ ಹೇಳಿ, ಡಾಕ್ಟ್ರೇ."

ಕೆಲವು ವಾರ ಮಾತ್ರೆ ನುಂಗಿದ ಮೇಲೆ ಅವಳು ಮತ್ತೆ ಲಾಂಡ್ರಿಗೆ ಹೋದಳು. ನೇರ ಕಿಟಕಿಯ ಪಕ್ಕಕ್ಕೆ ನಡೆದು ಇಸ್ತ್ರಿಪೆಟ್ಟಿಗೆಯ ಸ್ವಿಚ್ ಒತ್ತಿದಳು. ಬಲ ಮರಳಿತ್ತು. ಬಣ್ಣ ಮಾತ್ರ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ.

"ನಿನಗೆ ಹೋಗು ಅಂದಿದ್ದು ಎಲ್ಲಿಗೆ?" ಯಜಮಾನಿ ಬಂದಳು. "ಆ ಕೈಯಲ್ಲಿ ಬಿಳಿ ಮುಟ್ಟಬೇಡ."

ಅವಳು ನೀರಿನ ಬೋಗುಣಿಯಲ್ಲಿ ಎರಡೂ ಕೈ ಅದ್ದಿದಳು. ಮೇಜಿನ ಮೇಲೆ ಹರಡಿದ್ದ ಅಚ್ಚ ಬಿಳಿ ಹಾಸಿನ ನಟ್ಟನಡುವೆ ಅಂಗೈಗಳನ್ನು ಊರಿ, ಮೈಭಾರವೆಲ್ಲ ಬಿಟ್ಟು ಒತ್ತಿದಳು. ಬಾಯಕ್ಕ ಮಡಿಸುವುದನ್ನು ಬಿಟ್ಟು ಹತ್ತಿರ ಬಂದಳು.

"ನನ್ನ ಒಳಗಿನ ಕಾಯಿಲೆ ಬಣ್ಣ ಇದು. ಬಟ್ಟೆಗೆ ಹತ್ತಲ್ಲ, ನಿಮಗೂ ಹತ್ತಲ್ಲ. ಕಲೆ ಎಲ್ಲಿದೆ, ತೋರಿಸಿ."

ಯಜಮಾನಿ ಹಾಸನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ಹಿಂದೆ ಮುಂದೆ ತಿರುಗಿಸಿದಳು. ಕನ್ನಡಕ ಏರಿಸಿ ಮತ್ತೆ ನೋಡಿದಳು. ಕೊನೆಗೆ ಅದನ್ನು ಅವಳ ಮುಂದೆಯೇ ಮೇಜಿನ ಮೇಲೆ ಬಿಟ್ಟಳು.

ಇಸ್ತ್ರಿಪೆಟ್ಟಿಗೆ ಕಾದಿತ್ತು. ಅವಳು ಅದನ್ನು ಹಾಸಿನ ಮೇಲೆ ನಿಧಾನವಾಗಿ ಎಳೆದಳು. ಹತ್ತು ಬೆರಳುಗಳ ಒದ್ದೆ ಗುರುತುಗಳು ಒಂದೊಂದಾಗಿ ಉಗಿಯಾಗಿ ಎದ್ದು, ಕಿಟಕಿಯ ಗಾಜಿನ ಮೇಲೆ ಮಸುಕಾಗಿ ಕೂತವು.