ನಿದ್ದೆ ಕೆಡಿಸಿದ ಹಾಸಿಗೆ ಅಂಗಡಿ

ಹೊತ್ತು ಗೊತ್ತಿಲ್ಲದೆ ಬರುವ ಮಾರಾಟದ ಫೋನು ಯಾರಿಗೆ ಗೊತ್ತಿಲ್ಲ? ನಮ್ಮ ಬೀದಿಯ ಹಾಸಿಗೆ ಅಂಗಡಿಯಣ್ಣನಿಗೂ ಅದನ್ನು ಕಂಡರೆ ಆಗದು. ಆದರೂ ವ್ಯಾಪಾರ ಬಿದ್ದಾಗ ಅವನು ಹಿಡಿದದ್ದು ಅದೇ ದಾರಿ. ಎಲ್ಲಿಂದಲೋ ಊರವರ ನಂಬರುಗಳನ್ನು ತರಿಸಿ, ಕರೆ ಮಾಡಿಕೊಡುವ ಕಂಪನಿಗೆ ಒಪ್ಪಿಸಿದ. ಹೆಂಗಸೊಬ್ಬಳ ದನಿಯಲ್ಲಿ ಜಾಹೀರಾತು ರೆಕಾರ್ಡ್ ಮಾಡಿಸಿದ್ದೂ ಆಯಿತು.

"ರೀ, ಮಾರಾಟದ ಕರೆ ಬೇಡ ಅಂತ ಫೋನ್ ಕಂಪನೀಲಿ ಬರೆಸಿರೋರ ನಂಬರ್ ತೆಗೆಸಿದ್ರಾ?" ಹೆಂಡತಿ ಕೇಳಿದಳು.

"ಬೇಡ ಅನ್ನೋರೇ ಕೊನೆಗೆ ಕೊಳ್ಳೋದು ಕಣೆ. ಇಷ್ಟ ಇಲ್ದಿದ್ರೆ ಕಟ್ ಮಾಡ್ಲಿ, ಅವರ ಗಂಟೇನು ಹೋಗತ್ತೆ?"

ಮುಂದಿನ ವಾರ ಒಂದು ಮಧ್ಯಾಹ್ನ ಅವನ ತಾಯಿ ಬಚ್ಚಲಲ್ಲಿ ಜಾರಿ ಬಿದ್ದರು. ಅಣ್ಣ ದೂರದ ಗಿರಾಕಿಯ ಮನೆಗೆ ಹಾಸಿಗೆ ಇಳಿಸಲು ಹೋಗಿದ್ದ. ಮನೆಯಲ್ಲಿ ಸೊಸೆ ಒಬ್ಬಳೇ. ಎತ್ತಲು ಹೆದರಿಕೆ, ಬಿಟ್ಟು ಹೋಗಲೂ ಆಗದು. ಪಕ್ಕದ ಬೀದಿಯಲ್ಲಿದ್ದ ನಾದಿನಿಗೆ ಫೋನ್ ಮಾಡಿದಳು. ನಾದಿನಿ ಆಸ್ಪತ್ರೆಯಲ್ಲಿ ನರ್ಸು, ರಾತ್ರಿ ಪಾಳಿ ಮುಗಿಸಿ ಹಗಲು ಮಲಗುತ್ತಾಳೆ. ಎಷ್ಟು ಮಾಡಿದರೂ ಫೋನ್ ಎತ್ತಲಿಲ್ಲ. ಅತ್ತೆ ಒದ್ದೆ ನೆಲದಲ್ಲೇ ನರಳುತ್ತಿದ್ದರು. ಕೊನೆಗೆ ಕೂಗು ಕೇಳಿ ಕೆಳಮನೆಯ ದರ್ಜಿ ಓಡಿಬಂದ. ಪುಣ್ಯಕ್ಕೆ ಮಣಿಕಟ್ಟು ಉಳುಕಿತ್ತಷ್ಟೇ.

ಸಂಜೆ ಅಮ್ಮನನ್ನು ನೋಡಲು ಬಂದ ತಂಗಿಯ ಮೇಲೆ ಅಣ್ಣ ಹರಿಹಾಯ್ದ. "ಅಮ್ಮ ಬಿದ್ದಿದ್ರೂ ಫೋನ್ ಎತ್ತಲಿಲ್ವಲ್ಲ ನೀನು!"

ತಂಗಿಗೆ ಅಳು ಬಂತು. "ಆಸ್ಪತ್ರೆಯಿಂದ ಯಾವಾಗ ಕರೀತಾರೋ ಅಂತ ನಾನು ಯಾವತ್ತೂ ಸದ್ದು ನಿಲ್ಲಿಸಿದೋಳಲ್ಲ ಅಣ್ಣ. ಮಾರಾಟದ ಕರೆ ಬೇಡ ಅಂತ ಬರೆಸಿಯೂ ಇದ್ದೀನಿ. ಆದ್ರೂ ಯಾವನೋ ದಿನಾ ಬೇರೆ ಬೇರೆ ನಂಬರಿಂದ ಎಬ್ಬಿಸ್ತಾನೆ. ಹಲೋ ಅನ್ನೋದ್ರೊಳಗೆ ರೆಕಾರ್ಡ್ ಶುರು, ನಾನು ಕಟ್. ಇವತ್ತು ತಲೆಕೆಟ್ಟು ಸದ್ದು ನಿಲ್ಲಿಸಿ ಮಲಗಿದೆ."

ಅಷ್ಟರಲ್ಲಿ ಅವಳ ಫೋನು ಮಿನುಗಿತು. "ನೋಡು, ಬಂತು ಶನಿ!" ಎಂದು ಸ್ಪೀಕರಿಗೆ ಹಾಕಿದಳು.

"ನಮಸ್ಕಾರ! ನಿದ್ದೆ ಬರ್ತಿಲ್ವಾ? ಇಂದೇ ಬನ್ನಿ, ಹಳೇ ಟಾಕೀಸಿನ ಎದುರಿರುವ ಹಾಸಿಗೆ ಅಂಗಡಿಗೆ..."

"ಇದು ನಮ್ಮಂಗಡಿ ಅಲ್ವೇನೋ?" ಮಂಚದಿಂದ ತಾಯಿ ಕೇಳಿದರು.

ಅಣ್ಣ ಇಂಗು ತಿಂದ ಮಂಗನಂತಾದ. ತಾಯಿಯ ಕೈಗೆ ಕಟ್ಟಿದ್ದ ಪಟ್ಟಿ ನೋಡಿ ನಾಚಿಕೆಯಿಂದ ತಲೆ ತಗ್ಗಿಸಿದ. "ಕಂಪನಿಯವರು ಮಾಡಿದ್ದು..." ಎಂದು ಗೊಣಗಿದ.

"ಅಂಗಡಿ ನಿಂದು ತಾನೆ? ಜವಾಬ್ದಾರಿನೂ ನಿಂದೇ," ಎಂದಳು ತಂಗಿ. "ಕರೆ ಬೇಡ ಅಂದೋರ ಪಟ್ಟಿ ಜೊತೆ ನಿನ್ನ ನಂಬರುಗಳನ್ನ ತಾಳೆ ನೋಡಿಸಿ, ಅವರನ್ನ ತೆಗೆಸು. ಒಪ್ಪಿದೋರಿಗೆ ಮಾತ್ರ ಮಾಡು, ಅದೂ ಹೊತ್ತು ನೋಡಿ. ಸಾಕು ಅಂದ್ರೆ ನಿಲ್ಲಿಸು. ನಂಬರ್ ಬದಲಿಸಿ ಮಾಡೋದು ಕಳ್ಳಾಟ. ದೂರು ಹೋದ್ರೆ ದಂಡ ಬೀಳಬಹುದು, ಫೋನ್ ಲೈನೇ ಕಿತ್ತುಹಾಕಬಹುದು."

ಅಣ್ಣ ಅಲ್ಲೇ ಕಂಪನಿಗೆ ಫೋನ್ ಮಾಡಿ ಕರೆಗಳನ್ನು ನಿಲ್ಲಿಸಿದ. ಈಗ ಅಂಗಡಿಗೆ ಬಂದವರನ್ನು ಮೊದಲು ಕೇಳುತ್ತಾನೆ, "ಹೊಸ ಮಾಲು ಬಂದ್ರೆ ಫೋನ್ ಮಾಡ್ಲಾ?" ಹೂಂ ಅಂದವರು ಕಡಿಮೆ, ಆದರೆ ಅಂದವರು ಬರುತ್ತಾರೆ.

ಫೋನಿನಲ್ಲಿ ವ್ಯಾಪಾರ ಮಾಡುವ ಅಣ್ಣಂದಿರೇ, ಅಕ್ಕಂದಿರೇ, ಬೇಡ ಎಂದವರ ನಂಬರು ಒತ್ತಬೇಡಿ. ಆ ಫೋನು ಯಾರದೋ ಅಮ್ಮನಿಗಾಗಿ ಎಚ್ಚರವಾಗಿದೆ. ಅದು ನಿಮ್ಮ ಅಮ್ಮನೇ ಆಗಿರಬಹುದು.