ಗೋಧಿ ಧಾರಣೆಯ ನಂತರದ ಹಾಡು

ಜನವರಿಯ ಆ ಮಂಗಳವಾರ ಕೆನಡಾದ ಯಾರ್ಕ್‌ಟನ್ನಿನಲ್ಲಿ ನಡೆದದ್ದು ರಾಷ್ಟ್ರೀಯ ಮಹತ್ವದ ಘಟನೆ. ಬೆಳಗಿನ ಗೋಧಿ ಧಾರಣೆ ಮುಗಿದ ಕೂಡಲೇ ರೇಡಿಯೋದಲ್ಲಿ ಬರಬೇಕಾಗಿದ್ದ ಹಾಡು ಬರಲಿಲ್ಲ. ಅದಕ್ಕಾಗಿ ಯಾರೂ ಬಾವುಟ ಇಳಿಸಲಿಲ್ಲ, ರಾಜಧಾನಿ ಒಟ್ಟಾವಾದಲ್ಲಿ ಯಾವ ಮಂತ್ರಿಯೂ ಎದ್ದು ನಿಲ್ಲಲಿಲ್ಲ. ಟೋಸ್ಟಿಗೆ ಬೆಣ್ಣೆ ಸವರುತ್ತಿದ್ದ ಓರೆಸ್ಟ್ ಕೊವಾಲಿಕ್‌ನ ಕೈ ಮಾತ್ರ ಅರ್ಧಕ್ಕೇ ನಿಂತಿತು.

ಗಿಟಾರಿನ ಆರು ಸ್ವರ ಬರಬೇಕಾಗಿದ್ದ ಜಾಗದಲ್ಲಿ ಯಂತ್ರದ ತಾಳ ಬಂತು. ಅದರ ಮೇಲೆ ಯಾವಳೋ ಹುಡುಗಿ ಮೂಗು ಕಟ್ಟಿದವಳ ಹಾಗೆ ತನ್ನ ಪ್ರೇಮದ ಕಷ್ಟ ತೋಡಿಕೊಂಡಳು.

ಅವನು ಹೆಂಡತಿಯ ಮುಖ ನೋಡಿದ. ಲೆಸ್ಯಾ ಪೇಪರಿನಲ್ಲಿ ಕೋಟುಗಳ ರಿಯಾಯಿತಿ ಮಾರಾಟ ಓದುತ್ತಿದ್ದಳು. ಮುಖದಲ್ಲಿ ಏನೂ ಕದಲಲಿಲ್ಲ. ಒಂದು ಕಾಲದಲ್ಲಿ, ಸಾಸ್ಕಟೂನಿನ ಬಾಡಿಗೆ ಕೋಣೆಯಲ್ಲಿ ಆ ಹಾಡಿನ ಎರಡನೇ ಚರಣವನ್ನು ಅವನು ಕಾಗದದ ಚೀಲದ ಮೇಲೆ ಗೀಚಿದಾಗ, ಮೊದಲು ಓದಿ ಅತ್ತವಳು ಅವಳೇ.

"ಇವತ್ತು ಏನೋ ಬದಲಾಗಿದೆ, ಅಲ್ವಾ?" ಎಂದ.

ಅವಳು ತಲೆಯೆತ್ತಿದಳು. ಕಿಟಕಿ ನೋಡಿದಳು, ಒಲೆ ನೋಡಿದಳು, ಕೊನೆಗೆ ಅವನನ್ನು ನೋಡಿದಳು. "ಗಡ್ಡ ಬೋಳಿಸಿದ್ಯಾ?"

"ಇಲ್ಲ."

"ಮತ್ತೆ? ಹೋಗೋವಾಗ ವೈರು ಕಿತ್ತು ಹೋಗು. ಹೋದ ವರ್ಷದ ಹಾಗೆ ಎಳ್ಕೊಂಡು ಹೋಗ್ಬೇಡ."

ಆ ಸೀಮೆಯಲ್ಲಿ ಚಳಿಗಾಲದ ಕಾರು ಎಂದರೆ ಕಟ್ಟಿಹಾಕಿದ ದನ. ರಾತ್ರಿಯಿಡೀ ಅದರ ಮೂತಿಯಿಂದ ಗೋಡೆಯ ಪ್ಲಗ್ಗಿಗೆ ಒಂದು ಕಿತ್ತಳೆ ಬಣ್ಣದ ವೈರು. ಕರೆಂಟು ಕುಡಿದು ಇಂಜಿನ್ನು ಬೆಚ್ಚಗಿದ್ದರೆ ಬೆಳಿಗ್ಗೆ ಹೊರಡುತ್ತದೆ, ಇಲ್ಲದಿದ್ದರೆ ಇಲ್ಲ. ಓರೆಸ್ಟ್ ಹೊರಗೆ ಬಂದು ವೈರು ಕಿತ್ತು ಸುತ್ತಿಟ್ಟ. ಮೂಗಿನ ಕೂದಲು ಹೆಪ್ಪುಗಟ್ಟಿತು. ಪಕ್ಕದ ಮನೆಗಳ ಮುಂದೆಯೂ ಕಾರುಗಳು ಸಾಲಾಗಿ, ತಮ್ಮ ತಮ್ಮ ಗೂಟಕ್ಕೆ ಬಿಗಿದುಕೊಂಡು, ಉಸಿರಾಡದೆ ನಿಂತಿದ್ದವು.

ದಾರಿಯುದ್ದಕ್ಕೂ ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ. ರೆಕಾರ್ಡು ಗೀರಿರಬೇಕು. ಬೆಳಗಿನ ಪಾಳಿಯವನು ನಿದ್ದೆಗಣ್ಣಿನಲ್ಲಿ ಬೇರೆಯದನ್ನು ಎತ್ತಿಕೊಂಡಿರಬೇಕು. ಹನ್ನೆರಡು ವರ್ಷದಲ್ಲಿ ಒಂದು ದಿನ ತಪ್ಪಿದರೆ ಆಕಾಶ ಬೀಳುವುದಿಲ್ಲ.

ಆಕಾಶ ಬಿದ್ದಿತ್ತು. ಅದನ್ನು ಕೆಡವಿದವನ ಹೆಸರು ಲೈಲ್ ಪೆಂಡರ್. ಓರೆಸ್ಟ್ ಕೆಲಸ ಮಾಡುವ ರೇಡಿಯೋ ಕೇಂದ್ರಕ್ಕೆ ವಿನಿಪೆಗ್‌ನಿಂದ ಬಂದು ಎರಡು ತಿಂಗಳಾಗಿದ್ದ ಹೊಸ ಮ್ಯಾನೇಜರು. ಕೋಟಿನ ತೋಳನ್ನು ಮೊಣಕೈವರೆಗೆ ಮಡಚಿಕೊಂಡು, ಸೊನ್ನೆಗಿಂತ ಮೂವತ್ತು ಕೆಳಗಿನ ಚಳಿಯಲ್ಲೂ ಸಮುದ್ರತೀರದಲ್ಲಿದ್ದಂತೆ ಓಡಾಡುತ್ತಿದ್ದ.

"ಕವಿಗಳೇ, ಬನ್ನಿ, ಕೂತ್ಕೊಳ್ಳಿ. ಬೇಜಾರು ಮಾಡ್ಕೋಬೇಡಿ. ನಿಮ್ಮ ಹಾಡು ತೆಗೆದದ್ದು ನಾನೇ."

ಓರೆಸ್ಟ್ ಕೂತುಕೊಳ್ಳಲಿಲ್ಲ. ಬೇಜಾರು ಯಾತಕ್ಕೆ ಎಂದ. ಸುಮ್ಮನೆ ಕೇಳಲು ಬಂದೆ ಎಂದ. ರೆಕಾರ್ಡುಗಳನ್ನು ಆರಿಸುವುದು ತನ್ನ ಕೆಲಸವಲ್ಲವೇ, ಅದಕ್ಕೆ, ಎಂದ.

ಲೈಲ್ ವಿವರಿಸಿದ. ವಿವರಿಸುವ ಅಗತ್ಯವಿರಲಿಲ್ಲ, ಆ ಕಾನೂನು ಓರೆಸ್ಟ್‌ಗೆ ತನ್ನ ಹುಟ್ಟಿದ ದಿನದಷ್ಟೇ ಚೆನ್ನಾಗಿ ಗೊತ್ತಿತ್ತು. ಎಪ್ಪತ್ತೊಂದರಲ್ಲಿ ಸರ್ಕಾರ ಒಂದು ದಿನ ಎಚ್ಚೆತ್ತು, ಗಡಿಯಾಚೆಯ ಹಾಡುಗಳಲ್ಲಿ ದೇಶ ಮುಳುಗಿಹೋಗುತ್ತಿದೆ ಎಂದು ಗಾಬರಿಯಾಗಿ, ಪ್ರತಿ ರೇಡಿಯೋ ಹತ್ತರಲ್ಲಿ ಮೂರು ಹಾಡು ಕೆನಡಾದವೇ ಹಾಕತಕ್ಕದ್ದು ಎಂದು ಆಜ್ಞೆ ಮಾಡಿತು. ಹಾಕಲು ಹಾಡುಗಳೇ ಇರಲಿಲ್ಲ. ಗಿಟಾರು ಹಿಡಿದವರೆಲ್ಲ, ಹಿಡಿಯಲು ಬಾರದವರೂ ಕೂಡ, ಸ್ಟುಡಿಯೋಗೆ ನುಗ್ಗಿದರು. ಓರೆಸ್ಟ್ ಇಂಗ್ಲಿಷ್ ಎಂ.ಎ. ಅರ್ಧಕ್ಕೆ ಬಿಟ್ಟು ಮೂವರು ಗೆಳೆಯರ ಜೊತೆ 'ನಾರ್ತ್ ಸೈಡಿಂಗ್' ಎಂಬ ತಂಡ ಕಟ್ಟಿ 'ಹಿಮದ ಕೆಳಗಿನ ಊರು' ಎಂಬ ಹಾಡು ಬರೆದ. ವ್ಯಾಂಕೂವರಿನಿಂದ ಹ್ಯಾಲಿಫ್ಯಾಕ್ಸ್‌ವರೆಗೆ ಅದು ಒಂದು ಬೇಸಿಗೆಯಿಡೀ ಕೇಳಿಸಿತು. ಮುಂದಿನ ಬೇಸಿಗೆ ಕೇಳಿಸಲಿಲ್ಲ. ತಂಡ ಒಡೆಯಿತು. ಹಾಡಿದ ಡೆನ್ನಿ ಈಗ ಮೆಡಿಸಿನ್ ಹ್ಯಾಟ್‌ನಲ್ಲಿ ಆಲಿಕಲ್ಲಿನ ವಿಮೆ ಮಾರುತ್ತಾನೆ.

ಕಾನೂನು ಉಳಿಯಿತು. ರೇಡಿಯೋದವರು ಅದಕ್ಕೊಂದು ಉಪಾಯ ಕಂಡುಕೊಂಡರು. ದೇಶದ ಹಾಡುಗಳನ್ನೆಲ್ಲ ಜನ ಏಳುವ ಮೊದಲು, ಇಲ್ಲವೇ ಮಲಗಿದ ಮೇಲೆ ತುರುಕುವುದು. ಕಾಸಿನ ಮೇಲಿರುವ ದೇಶದ ಪ್ರಾಣಿಯ ಹೆಸರಲ್ಲಿ ಅದನ್ನು ತಮ್ಮತಮ್ಮಲ್ಲೇ 'ಬೀವರ್ ಗಂಟೆ' ಎಂದು ಕರೆದು ನಗುತ್ತಿದ್ದರು. ಓರೆಸ್ಟ್‌ನ ಹಾಡಿಗೆ ಮಾತ್ರ, ಊರಿನವನು ಎಂಬ ದಾಕ್ಷಿಣ್ಯಕ್ಕೆ, ಗೋಧಿ ಧಾರಣೆಯ ನಂತರದ ಜಾಗ ಸಿಕ್ಕಿತ್ತು.

"ಈಗ ಹಾಗಿಲ್ಲ ನೋಡಿ," ಎಂದ ಲೈಲ್. "ನಮ್ಮೋರದ್ದೇ ಬೇಕಾದಷ್ಟು ಬರ್ತಿದೆ. ಹುಡುಗ್ರು ದುಡ್ಡು ಕೊಟ್ಟು ತಗೋತಾರೆ. ನಿಮ್ಮ ಕಾಲದ ಹಾಗೆ ಬಲವಂತ ಇಲ್ಲ."

ಬಲವಂತ ಎಂಬ ಮಾತು ಕೇಳಿ ಓರೆಸ್ಟ್ ಬಾಗಿಲ ಕಡೆ ತಿರುಗಿದ.

"ಒಂದು ಮಾಡೋಣ," ಲೈಲ್ ಉದಾರನಾದ. "ಸಂಜೆವರೆಗೂ ನೋಡೋಣ. ಹಾಡು ಎಲ್ಲಿ ಅಂತ ಜನ ಕೇಳಿದ್ರೆ ವಾಪಸ್ ಹಾಕ್ತೀನಿ. ಕೇಳದಿದ್ರೆ ಮುಗೀತು. ನ್ಯಾಯ ತಾನೆ?"

ನ್ಯಾಯವೇ ಆಗಿತ್ತು. ಅದೇ ಅದರಲ್ಲಿದ್ದ ತೊಂದರೆ.

ಅವನು ರೆಕಾರ್ಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ತಾನು ಆ ಹಾಡನ್ನು ಕೊನೆಯ ಬಾರಿ ಪೂರ್ತಿ ಕೇಳಿದ್ದು ಯಾವಾಗ ಎಂದು ಯೋಚಿಸಿದ. ದಿನಾ ಅದು ಶುರುವಾಗುವುದನ್ನು ಕೇಳುತ್ತಿದ್ದ. ಶುರುವಾಯಿತು ಎಂದು ಖಾತ್ರಿಯಾದ ಮೇಲೆ ಟೋಸ್ಟು ತಿನ್ನುತ್ತಿದ್ದ. ನಾಲಿಗೆಯಿಂದ ಹಲ್ಲು ಮುಟ್ಟಿ ನೋಡಿಕೊಂಡ ಹಾಗೆ. ಇದೆ, ಸರಿ.

ಮುಂಬಾಗಿಲ ಮೇಜಿನಿಂದ ಮೇವಿಸ್ ಕೂಗಿದಳು. ಅವಳು ಆ ರೇಡಿಯೋದಲ್ಲಿ ಫೋನು ಎತ್ತುತ್ತಾ ಮೂವರು ಮ್ಯಾನೇಜರುಗಳನ್ನು ಸವೆಸಿದವಳು.

"ಏನಯ್ಯಾ ಮಹಾಕವಿ, ನಿನಗೆ ಅಭಿಮಾನಿಗಳಿದಾರೆ ಅಂತ ಹೇಳಲೇ ಇಲ್ಲ."

"ಯಾಕೆ?"

"ಫೋನಿನ ಮೇಲೆ ಫೋನು. ಧಾರಣೆ ಆದ್ಮೇಲೆ ಬರೋ ಹಾಡು ಎಲ್ಲಿ ಅಂತ. ಒಬ್ಳು ಬೈದೇ ಬಿಟ್ಲು. ವರ್ಲಾ ಸ್ಟಾಂಗ್ ಅಂತೆ, ಸ್ಕೂಲ್ ಬಸ್ಸು ಓಡಿಸ್ತಾಳಂತೆ. ಹನ್ನೆರಡು ವರ್ಷದಿಂದ ಒಂದಿನ ತಪ್ಪಿಸಿಲ್ವಂತೆ. ನಿನ್ನ ಹೆಂಡ್ತಿಗೂ ಅಷ್ಟು ನಿಷ್ಠೆ ಇರಲಿಕ್ಕಿಲ್ಲ."

ಓರೆಸ್ಟ್ ನಕ್ಕ. ನಗು ತಾನೇ ತಾನಾಗಿ ಬಂದದ್ದು ಅವನಿಗೆ ಆಶ್ಚರ್ಯವಾಯಿತು. ಕಿವಿ ಬಿಸಿಯಾಗಿತ್ತು. ಮೂವತ್ತೇಳರ ಗಂಡಸು ಹೀಗೆ ಕೆಂಪಾಗುವುದು ಸರಿಯಲ್ಲ ಎಂದುಕೊಂಡ. ಆದರೂ ವರ್ಲಾಳ ವಿಳಾಸ ಕೇಳಿದ. ಕಪಾಟಿನ ಹಿಂದಿನಿಂದ ಹಳೆಯ ರೆಕಾರ್ಡೊಂದನ್ನು ತೆಗೆದು, ಧೂಳು ಒರೆಸಿ, ಲಕೋಟೆಯ ಮೇಲೆ ಸಹಿ ಹಾಕಿದ. ಸಹಿ ಹಾಕಿ ಎಷ್ಟೋ ಕಾಲವಾಗಿತ್ತು. 'ಕೊವಾಲಿಕ್' ಕೊನೆಯಲ್ಲಿ ಎಳೆಯುತ್ತಿದ್ದ ಗೀಟು ಎತ್ತ ಹೋಗಬೇಕೆಂದು ಕೈಗೆ ನೆನಪಾಗಲಿಲ್ಲ.

ವರ್ಲಾಳ ಮನೆ ಊರಾಚೆ, ರೈಲು ಹಳಿಯ ಪಕ್ಕ. ಅಂಗಳದಲ್ಲಿ ಹಳದಿ ಬಸ್ಸು ಮೂತಿಗೆ ವೈರು ಸಿಕ್ಕಿಸಿಕೊಂಡು ನಿಂತಿತ್ತು. ಅವಳು ಐವತ್ತು ದಾಟಿದ ದಪ್ಪ ಹೆಂಗಸು. ಬಾಗಿಲು ತೆಗೆದವಳೇ ಚಳಿ ಒಳಗೆ ಬರ್ತಿದೆ ಬೇಗ ಬನ್ನಿ ಎಂದು ತೋಳು ಹಿಡಿದು ಎಳೆದುಕೊಂಡಳು. ರೇಡಿಯೋದವರು ಎಂದು ತಿಳಿದ ಮೇಲೆ ಮುಖ ಬಿಗಿಯಿತು, ಕಾಫಿ ಮಾತ್ರ ಬಂತು.

"ನೀವು ಖುದ್ದಾಗಿ ಬಂದ್ರಲ್ಲ, ಅದೇ ದೊಡ್ಡದು," ಎಂದಳು. "ಹಾಗೆಲ್ಲ ಹೇಳದೆ ಕೇಳದೆ ತೆಗೀಬಾರದು ನೀವು. ಜನ ನಂಬಿರ್ತಾರೆ."

"ಅಷ್ಟು ಇಷ್ಟವಾ ನಿಮಗೆ?"

"ಏನು?"

"ಆ ಹಾಡು."

ಅವಳು ಆ ಪ್ರಶ್ನೆಯನ್ನು, ಬಸ್ಸಿನಲ್ಲಿ ಮಗುವೊಂದು ಕೇಳಿದ ಪ್ರಶ್ನೆಯ ಹಾಗೆ, ಸ್ವಲ್ಪ ಹೊತ್ತು ತೂಗಿ ನೋಡಿದಳು.

"ನೋಡಿ, ನಾನು ಕೈಗಡಿಯಾರ ಕಟ್ಟೋದಿಲ್ಲ. ಕೈ ಊದತ್ತೆ. ಬೆಳಿಗ್ಗೆ ಧಾರಣೆ ಕೇಳ್ತಾ ಕಾಫಿ ಕುಡೀತೀನಿ. ಆಮೇಲೆ ಆ ಗಿಟಾರು ಬರತ್ತಲ್ಲ, ಟಣ್ ಟಣ್ ಅಂತ, ಬೂಟು ಹಾಕ್ಕೋತೀನಿ, ಹೋಗಿ ವೈರು ಕೀಳ್ತೀನಿ, ಹೊರಡ್ತೀನಿ. ಈ ರಸ್ತೆಲಿ ಎಲ್ಲರೂ ಹಾಗೇ. ಇವತ್ತು ಬರಲಿಲ್ಲ. ಬರತ್ತೆ ಬರತ್ತೆ ಅಂತ ಕೂತೇ ಇದ್ದೆ. ಹೋಗಿ ನೋಡಿದ್ರೆ ಮಕ್ಕಳೆಲ್ಲ ತಿರುವಲ್ಲಿ ಸೆಟೆದು ನಿಂತಿವೆ. ಒಂದು ಕೂಸಿನ ಕಿವಿ ಚಳಿಗೆ ರಕ್ತ ಹೆಪ್ಪುಗಟ್ಟಿ ಬೆಳ್ಳಗಾಗಿತ್ತು ಕಣ್ರಿ. ಬೆಳ್ಳಗೆ."

ಓರೆಸ್ಟ್ ಕಾಫಿಯ ಲೋಟವನ್ನು ಇನ್ನೊಂದು ಕೈಗೆ ಬದಲಾಯಿಸಿದ. ಕಿವಿ ಈಗ ಹೇಗಿದೆ ಎಂದು ಕೇಳಿದ. ಸರಿಹೋಯಿತು, ಕೈಯಲ್ಲೇ ಹಿಡಿದುಕೊಂಡಿದ್ದೆ ಎಂದಳು.

"ಆದ್ರೆ ಹಾಡು," ಅವನು ಬಿಡಲಿಲ್ಲ. "ಅದರ ಮಾತುಗಳು."

"ಅದರಲ್ಲಿ ಹಾಡ್ತಾರಾ?"

ಅವಳು ತಮಾಷೆ ಮಾಡುತ್ತಿರಲಿಲ್ಲ. "ಗಿಟಾರು ಅಂದ್ಕೊಂಡಿದ್ದೆ ಬರೀ," ಎಂದಳು. "ಅಷ್ಟೊತ್ತಿಗೆ ನಾನು ಹೊರಗಿರ್ತೀನಿ. ಬಸ್ಸಲ್ಲಿ ರೇಡಿಯೋ ಇಲ್ಲ."

ಅವನು ರೆಕಾರ್ಡನ್ನು ಕೊಟ್ಟ. ಅವಳು ಕೈ ಒರೆಸಿಕೊಂಡು ತೆಗೆದುಕೊಂಡು, ಹೆಸರು ಓದಿ, ಹಿಂದೆ ಮುಂದೆ ತಿರುಗಿಸಿದಳು. ಇದನ್ನು ವಾಪಸ್ಸು ಕೊಡಬೇಕೇ ಎಂದು ಕೇಳಿದಳು. ಬೇಡ ಎಂದ. ಬರೆದವನು ನಾನೇ ಎಂದೂ ಹೇಳಿದ. ಹೇಳಬಾರದಿತ್ತು. ಅವಳ ಮುಖದಲ್ಲಿ ಮೊದಲ ಬಾರಿಗೆ ಮರುಕ ಕಾಣಿಸಿಕೊಂಡಿತು.

"ಅಯ್ಯೋ, ನಿಮ್ಮದಾ? ಹಾಗಾದ್ರೆ ಹೇಳಿ, ಕೇಳೋಣ. ಏನಿದೆ ಅದರಲ್ಲಿ? ನಾಚ್ಕೋಬೇಡಿ, ಇಲ್ಲಿ ಯಾರಿದಾರೆ."

ಓರೆಸ್ಟ್ ಗಂಟಲು ಸರಿಮಾಡಿಕೊಂಡ. ಅಡುಗೆಮನೆಯ ಕಿಟಕಿಯಾಚೆ ಹಳಿ, ಹಳಿಯಾಚೆ ಬಿಳಿ, ಬಿಳಿಯಾಚೆ ಮತ್ತೆ ಬಿಳಿ. ಶುರುಮಾಡಲು ಅನುಕೂಲವಾಗಲೆಂದು ಮೊದಲ ಆರು ಸ್ವರಗಳನ್ನು ಮೆಲ್ಲಗೆ ಗುನುಗಿದ.

ವರ್ಲಾ ಕುರ್ಚಿಯಿಂದ ಎದ್ದಳು. ಎರಡು ಹೆಜ್ಜೆ ಬಾಗಿಲ ಕಡೆ ಹೋಗಿ, ಬಗ್ಗಿ, ಒಂದು ಬೂಟಿನೊಳಗೆ ಕಾಲು ತುರುಕಿದಳು. ಆಮೇಲೆ ನಿಂತು, ಕಾಲನ್ನು ನೋಡಿಕೊಂಡು, ಹೊಟ್ಟೆ ಕುಲುಕುವಂತೆ ನಕ್ಕಳು.

"ನೋಡಿದ್ರಾ ನನ್ನ ಕಾಲಿನ ಬುದ್ಧಿ. ಕ್ಷಮಿಸಿ, ಹಾಡಿ ಹಾಡಿ."

ಅವನು ಹಾಡಿದ. "ಯಾರಾದರೂ ದೀಪ ಹಚ್ಚಿಟ್ಟಿರಿ, ನಾನು ಹೊರಟಿದ್ದೇನೆ…" ಅಷ್ಟರ ನಂತರ ಏನೂ ಇರಲಿಲ್ಲ. ಎರಡನೇ ಸಾಲು ಇರಬೇಕಾದ ಕಡೆ ಗೋಧಿ ಧಾರಣೆ ಓದುವವನ ದನಿ ಇತ್ತು. ಮತ್ತೆ ಮೊದಲಿನಿಂದ ಗುನುಗಿದರೆ ನೆನಪಾದೀತು ಅನಿಸಿತು. ಆದರೆ ಆ ಹೆಂಗಸಿನ ಒಂದು ಕಾಲು ಇನ್ನೂ ಬೂಟಿನಲ್ಲೇ ಇತ್ತು.

"ಚೆನ್ನಾಗಿದೆ," ಎಂದಳು ವರ್ಲಾ ಸ್ವಲ್ಪ ಕಾದು. "ಚಿಕ್ಕದಾದ್ರೂ ಚೆನ್ನಾಗಿದೆ."

ರೇಡಿಯೋಗೆ ಮರಳಿ, ಕಾರಿನ ವೈರನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಬಂದಾಗ ಲೈಲ್ ಬಾಗಿಲಲ್ಲೇ ಕೈಚಾಚಿ ನಿಂತಿದ್ದ. ನೀವು ಗೆದ್ದಿರಿ ಎಂದ. ಮೇವಿಸ್‌ಗೆ ಊಟಕ್ಕೂ ಬಿಡುವಿಲ್ಲದಷ್ಟು ಫೋನು, ಊರಿಗೆ ಊರೇ ಹಾಡು ಕೇಳುತ್ತಿದೆ, ತಾನು ಸೋತದ್ದು ತನಗೇ ಖುಷಿ ಎಂದ. ಸೋಲನ್ನು ಇಷ್ಟು ಲಾಭದ ಹಾಗೆ ಅನುಭವಿಸುವವರು ವಿನಿಪೆಗ್‌ನಲ್ಲಿ ಬಹಳ ಮಂದಿ ಇರಬೇಕು.

ಓರೆಸ್ಟ್ ಸುಮ್ಮನಿರಬಹುದಿತ್ತು. ಸುಮ್ಮನಿದ್ದರೆ ಹಾಡು ಇರುತ್ತಿತ್ತು, ಹಾಡು ಇದ್ದರೆ ಅವನೂ ಇರುತ್ತಿದ್ದ.

"ಅವರು ಕೇಳ್ತಿಲ್ಲ," ಎಂದ. "ಗಿಟಾರು ಬಂದ ಕೂಡ್ಲೆ ಎದ್ದು ಹೋಗ್ತಾರೆ. ವೈರು ಕೀಳಕ್ಕೆ."

ಲೈಲ್ ಯೋಚಿಸಿದ. ಮುಖ ಅರಳಿತು.

"ಕೇಳಬೇಕು ಅಂತ ಕಾನೂನಲ್ಲಿ ಎಲ್ಲೂ ಇಲ್ವಲ್ಲ, ಕವಿಗಳೇ. ಹಾಕಬೇಕು ಅಂತ ಮಾತ್ರ ಇದೆ. ಮತ್ತೆ ನೀವು ಹೇಳೋದು ನಿಜವಾದ್ರೆ ಇನ್ನೂ ಒಳ್ಳೇದೇ. ಗಿಟಾರು ಆಗ್ಲಿ. ಹಾಡೋದು ಶುರುವಾಗ್ತಿದ್ದ ಹಾಗೆ ದನಿ ಇಳಿಸಿ ಮೇಲೆ ಹವಾಮಾನ ಓದಿಸ್ತೀನಿ. ಕೆಳಗೆ ಅದರ ಪಾಡಿಗೆ ಅದು ನಡೀತಿರತ್ತೆ. ನಿಮಗೇನೂ ಅಭ್ಯಂತರ ಇಲ್ವಲ್ಲ?"

ಓರೆಸ್ಟ್ ಬಾಯಿ ತೆರೆದ. ಹೇಳಬೇಕಾದ ಮಾತು ಯಾವುದೆಂದು ಗೊತ್ತಿತ್ತು. ಎರಡನೇ ಸಾಲಿನ ಹಾಗೆ ಅದೂ ಬರಲಿಲ್ಲ.

"ಆಗಬಹುದು," ಎಂದ.

ಮೇವಿಸ್ ಬೀಗದ ಕೈ ಗೊಂಚಲು ಅಲ್ಲಾಡಿಸುತ್ತಾ, ಅಭಿಮಾನಿ ಏನಂದಳಪ್ಪಾ, ಮುತ್ತು ಗಿತ್ತು ಕೊಟ್ಟಳಾ ಎಂದು ಕೇಳಿದಳು. ಕಾಫಿ ಕೊಟ್ಟಳು ಎಂದ.

ಸಂಜೆ ಐದಕ್ಕೇ ಕತ್ತಲು ಇಳಿಯುತ್ತಿತ್ತು. ಅವನು ಕಾರಿನಲ್ಲಿ ಕೂತು, ಎರಡನೇ ಸಾಲನ್ನು ಹುಡುಕುತ್ತಾ ಹೊರಟ. ಹೊರಡುವಾಗ ಏನೋ ಒಂದು ಹಿಂದಿನಿಂದ ಮೆಲ್ಲಗೆ ಜಗ್ಗಿ, ಬಿಟ್ಟಿತು. ಹಿಮದ ಗಡ್ಡೆ ಇರಬೇಕು ಅನಿಸಿತು.

ಬ್ರಾಡ್‌ವೇಯ ಕೆಂಪು ದೀಪದಲ್ಲಿ ಪಕ್ಕದ ಪಿಕಪ್‌ನಿಂದ ಒಬ್ಬ ಗಡ್ಡದವನು ಅವನನ್ನು ದಿಟ್ಟಿಸಿ ನೋಡಿದ. ಗುರುತು ಹಿಡಿದವನ ಹಾಗೆ ಬೆರಳು ತೋರಿಸಿದ. ಗಾಜಿನಾಚೆ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು; ಹಾಡುವವನ ಹಾಗೆ. ಓರೆಸ್ಟ್, ಎದೆ ಒಮ್ಮೆ ಹಗುರವಾಗಿ, ವೇದಿಕೆಯ ಮೇಲಿನ ಹಳೆಯ ರೀತಿಯಲ್ಲಿ, ಕೈ ಎತ್ತಿದ. ಗಡ್ಡದವನು ತಲೆ ಕೊಡವಿ ಮತ್ತೆ ಬೆರಳು ತೋರಿಸಿದ. ಈ ಸಲ ಕೆಳಗೆ, ಚಕ್ರದ ಕಡೆ.

ಹಸಿರು ದೀಪ ಬಂತು. ಓರೆಸ್ಟ್ ಕನ್ನಡಿಯಲ್ಲಿ ನೋಡಿದ. ಅವನ ಕಾರಿನ ಅಡಿಯಿಂದ ಹೊರಟ ಕಿತ್ತಳೆ ವೈರು, ಕಿತ್ತುಹೋದ ತುದಿಯನ್ನು ಹಿಮದ ಮೇಲೆ ಬಡಿಯುತ್ತಾ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹೊರಳುತ್ತಾ, ಬೀದಿಯುದ್ದಕ್ಕೂ ಅವನನ್ನು ಹಿಂಬಾಲಿಸುತ್ತಿತ್ತು. ಆ ತುದಿ ಯಾವುದಕ್ಕೂ ಸೇರಿರಲಿಲ್ಲ. ನಿಲ್ಲಿಸಿ ಸುತ್ತಿಕೊಳ್ಳಬಹುದಿತ್ತು. ಅವನು ನಿಲ್ಲಿಸಲಿಲ್ಲ.

ಮರುದಿನ ಗೋಧಿ ಧಾರಣೆ ಮುಗಿದ ಮೇಲೆ ಗಿಟಾರಿನ ಆರು ಸ್ವರ ಬಂದವು, ಆಮೇಲೆ ಹವಾಮಾನ ಬಂತು. ವರ್ಲಾಳ ಬಸ್ಸು ಸರಿಯಾದ ಹೊತ್ತಿಗೆ ಹೊರಟಿತು. ಓರೆಸ್ಟ್‌ನ ಕಾರು ಹೊರಡಲಿಲ್ಲ.