ಕೆಂಪು ಗೆರೆಯ ನಕ್ಷೆ

ನಾನು ಒಂದು ಮನೆಯ ನಕ್ಷೆ. ಧಾರವಾಡದ ಎಂಜಿನಿಯರ್ ಅನಸೂಯಾ ಅವರ ಮೇಜಿನ ಮೇಲೆ ಹುಟ್ಟಿದೆ. ಹಳೆಯ ಮಣ್ಣಿನ ಮನೆಯೊಂದನ್ನು ಮೂಲೆಮೂಲೆ ಅಳೆದು ಬಂದು ಅವರು ನನ್ನನ್ನು ಬರೆದರು. ಹಿಂದಿನ ಗೋಡೆಗೆ ಮಾತ್ರ ಕೆಂಪು ಗೆರೆ ಎಳೆದು, ‘ಇದನ್ನು ಕೆಡವಿ ಹೊಸದಾಗಿ ಕಟ್ಟಿದ ಮೇಲೆಯೇ ಸ್ಲ್ಯಾಬ್ ಹಾಕಬೇಕು’ ಎಂದು ಪಕ್ಕದಲ್ಲಿ ಸೇರಿಸಿದರು.

ನನ್ನ ಒಡೆಯರು ನೀಲಕಂಠ ಬಸಾಪುರ. ಮೊದಲು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಹಳೆ ಮನೆ ಕೊಂಡು, ರಿಪೇರಿ ಮಾಡಿಸಿ, ಮಾರುವುದು ಆಮೇಲಿನ ಉದ್ಯೋಗ. ಇದು ಮೂರನೆಯ ಮನೆ. ಪರವಾನಗಿಗೆಂದು ನನ್ನನ್ನು ಸುರುಳಿ ಸುತ್ತಿ ಪಾಲಿಕೆಗೆ ಒಯ್ದರು. ಅಲ್ಲಿಂದ ಒಬ್ಬ ಅಧಿಕಾರಿ ಬಂದು ಹಿಂದಿನ ಗೋಡೆಯನ್ನು ತಟ್ಟಿ ನೋಡಿದರು. ಷರತ್ತನ್ನು ಹಾಗೆಯೇ ಉಳಿಸಿ ನನ್ನ ಮೇಲೆ ಮೊಹರು ಒತ್ತಿದರು. ಅಂದು ನನಗೆ ಬಹಳ ಹೆಮ್ಮೆ. ಇನ್ನು ನಾನು ಮನೆಯಾಗುತ್ತೇನೆ ಅಂದುಕೊಂಡೆ.

ಕೆಲಸ ಹಿಡಿದವನು ಗೋಡೆ ಕಟ್ಟುವ ಗೌಂಡಿ ಇಮಾಮಸಾಬ. ಹಿಂದಿನ ಎರಡೂ ಮನೆಗಳನ್ನು ಎಬ್ಬಿಸಿದವನು ಅವನೇ. ಅವನ ಹೆಂಡತಿ ಮಾಬೂಬಿ ಇಟ್ಟಿಗೆ ಹೊರುತ್ತಿದ್ದಳು. ಮಧ್ಯಾಹ್ನ ಅವಳು ಬಿಚ್ಚುವ ಗಂಟಿನಲ್ಲಿ ನೀಲಕಂಠರಿಗೂ ಒಂದು ರೊಟ್ಟಿ ಇರುತ್ತಿತ್ತು.

ನೆಲ ಅಗೆದರೆ ಚರಂಡಿ ಕುಸಿದಿತ್ತು. ತೊಲೆಗಳಿಗೆ ಗೆದ್ದಲು ಹಿಡಿದಿತ್ತು. ಅಷ್ಟರಲ್ಲಿ ಕಬ್ಬಿಣದ ದರವೂ ಏರಿತು. ಇಡೀ ಮನೆಗೆಂದು ಇಟ್ಟುಕೊಂಡ ಹಣ ಅರ್ಧ ಕೆಲಸಕ್ಕೇ ಮುಗಿಯಿತು. ಆಗ ನೀಲಕಂಠರ ಕಣ್ಣು ಹಿಂದಿನ ಗೋಡೆಯ ಮೇಲೆ ಬಿತ್ತು.

“ಇದನ್ನ ಕೆಡವೂದು ಬ್ಯಾಡ. ಸಿಮೆಂಟ್ ಗಿಲಾವ್ ಮಾಡಿ ಮ್ಯಾಲೆ ಸ್ಲ್ಯಾಬ್ ಹಾಕು.”

ಇಮಾಮಸಾಬ ನನ್ನನ್ನು ಬಿಡಿಸಿ ಕೆಂಪು ಗೆರೆಯ ಮೇಲೆ ಬೆರಳಿಟ್ಟ. “ಸಾವ್ಕಾರ್ರ, ಗ್ವಾಡಿ ಒಳಗ ಟೊಳ್ಳ ಆಗೇತ್ರಿ. ಭಾರ ತಡ್ಯೂದಿಲ್ಲ.”

“ಇಷ್ಟ ವರ್ಷ ನಿಂತೇತಿ, ಇನ್ನ ಹತ್ತ ವರ್ಷ ನಿಲ್ಲೂದಿಲ್ಲೇನು? ನಿನಗ ಆಗೂದಿಲ್ಲಂದ್ರ ಬ್ಯಾರೆ ಗೌಂಡಿ ಕರಸ್ತೀನಿ.”

ಇಮಾಮಸಾಬ ನನ್ನನ್ನು ಅವರ ಕೈಗೆ ಕೊಟ್ಟು ಗಿಲಾವಿಗೆ ಸಿಮೆಂಟ್ ಕಲಸತೊಡಗಿದ. ಮಾಬೂಬಿ ಆಗ ನೀರು ತರಲು ಹೋಗಿದ್ದಳು. ನೀಲಕಂಠರು ನನ್ನನ್ನು ಮಡಚಿ ಜುಬ್ಬಾದ ಜೇಬಿಗೆ ಹಾಕಿಕೊಂಡರು.

ಸ್ಲ್ಯಾಬಿಗೆ ಕಾಂಕ್ರೀಟ್ ಸುರಿಯುತ್ತಿದ್ದ ದಿನ ಗೋಡೆ ಬಾಗಿತು. ಕೆಳಗಿದ್ದ ಇಮಾಮಸಾಬ ಮಾಬೂಬಿಯನ್ನು ಅಂಗಳಕ್ಕೆ ನೂಕಿದ. ಅವನಿಗೆ ಹೊರಬರಲು ಆಗಲಿಲ್ಲ. ನೀಲಕಂಠರು ಬರಿಗೈಯಲ್ಲಿ ಮಣ್ಣು ಬಗೆದರು. ಉಗುರು ಕಿತ್ತು ರಕ್ತ ಬಂದರೂ ಬಗೆದರು. ಅವನ ಕೈ ಸಿಕ್ಕಾಗ ಅದು ತಣ್ಣಗಾಗಿತ್ತು.

ಗೌಂಡಿ ನೋಡಿಕೊಂಡು ಕೆಲಸ ಮಾಡಲಿಲ್ಲ ಎಂದು ಓಣಿಯಲ್ಲಿ ಮಾತು ಹಬ್ಬಿತು. ಗೋಡೆ ಹೇಗೆ ಬಿತ್ತು ಎಂದು ಪೊಲೀಸರು ಕೇಳಿದಾಗ ನೀಲಕಂಠರು ತಲೆ ತಗ್ಗಿಸಿ, ಗೊತ್ತಿಲ್ಲ ಎಂದರು. ಜೇಬಿನಲ್ಲಿ ನಾನಿದ್ದೆ. ನನಗೆ ಬಾಯಿಲ್ಲ.

ಎಂಟನೆಯ ದಿನ ಮಾಬೂಬಿ ನೀಲಕಂಠರ ಬಾಗಿಲಿಗೆ ಬಂದಳು.

“ಒಂದ ಮಾತು ಕೇಳ್ತೀನ್ರಿ ಸಾವ್ಕಾರ್ರ. ಇಪ್ಪತ್ತೈದು ವರ್ಷ ಗ್ವಾಡಿ ಕಟ್ಟಿದವ್ರು ನಮ್ಮ ಮನಿಯವ್ರು. ಇದು ಬೀಳತೈತಿ ಅಂತ ಅವ್ರಿಗೆ ತಿಳೀಲಿಲ್ಲೇನ್ರಿ?”

ನೀಲಕಂಠರು ನನ್ನನ್ನು ಅವಳ ಮುಂದೆ ಬಿಡಿಸಿದರು.

“ತಿಳಿದಿತ್ತವ್ವಾ. ಇಲ್ಲಿ ಬೆರಳಿಟ್ಟು ಹೇಳಿದ್ದ. ನಾನೇ ಕೇಳಲಿಲ್ಲ.”

ಅವಳು ಅಳಲಿಲ್ಲ. “ನನಗ ತೋರಿಸಿ ಏನ್ ಮಾಡ್ತೀರಿ? ಠಾಣೆದಾಗ ತೋರಸ್ರಿ. ನಿಮ್ಮಪ್ಪ ಕೆಲಸಾ ಕೆಡಿಸಿ ಸತ್ತ ಅಂತ ನನ್ನ ಮಕ್ಕಳಿಗೆ ಯಾರೂ ಅನಬಾರದು.”

ಅವತ್ತೇ ಅವರು ಠಾಣೆಗೆ ಹೋಗಿ, ನನ್ನನ್ನು ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದರು. ಶಿಕ್ಷೆಯಾಯಿತು. ಜೈಲಿಗೆ ಹೋಗುವ ಮುಂಚೆ ಆ ಜಾಗ ಮಾರಿ, ಬಂದದ್ದನ್ನು ಮಾಬೂಬಿಗೆ ಕೊಟ್ಟರು. ಅವಳು ತೆಗೆದುಕೊಂಡಳು. ಕ್ಷಮಿಸಿದೆ ಎನ್ನಲಿಲ್ಲ.

ನಾನೀಗ ಕೋರ್ಟಿನ ದಾಖಲೆ ಕೋಣೆಯಲ್ಲಿ, ಹಗ್ಗ ಬಿಗಿದ ಕಟ್ಟೊಂದರ ನಡುವೆ ಇದ್ದೇನೆ. ಅಂಚುಗಳು ಹಳದಿಯಾಗಿವೆ. ನನ್ನಲ್ಲಿ ಎರಡು ಕೋಣೆ, ಒಂದು ಅಡುಗೆಮನೆ, ಪೂರ್ವಕ್ಕೊಂದು ಕಿಟಕಿ ಇವೆ. ಅಲ್ಲಿ ಯಾರೂ ಒಲೆ ಹಚ್ಚಲಿಲ್ಲ. ಅಳತೆಗಳೆಲ್ಲ ಸರಿಯಾಗಿಯೇ ಇದ್ದವು. ಆದರೆ ನಕ್ಷೆಯಲ್ಲಿ ಗೋಡೆಗಳನ್ನು ಬರೆಯುತ್ತಾರೆ, ಅವುಗಳ ಕೆಳಗೆ ನಿಲ್ಲುವ ಮನುಷ್ಯರನ್ನು ಬರೆಯುವುದಿಲ್ಲ.